ಏಳುನೂರು ಕೆಜಿಯ ಲೆಕ್ಕ

"ಡ್ರೈವರ್ ಇಳೀರಿ!" ಎಂದು ವೇಬ್ರಿಡ್ಜಿನ ಕಿಟಕಿಯಿಂದ ಹೆಣ್ಣುದನಿ ಕೂಗಿದ್ದೇ ತಡ, ತಕ್ಕಡಿಯಪ್ಪನವರು ಹೊಸ ಪಿಕಪ್ಪಿನಿಂದ ಗತ್ತಿನಲ್ಲಿ ಇಳಿದರು. ಪಕ್ಕದ ಸೀಟಿನಿಂದ ಹೆಂಡತಿಯೂ ಇಳಿದಳು. ಲಾರಿ ತೂಗುವ ಈ ಕಟ್ಟೆಯಲ್ಲಿ ಮೂವತ್ತು ವರ್ಷ ಅದೇ ಮಾತು ಕೂಗಿ ಗಂಟಲು ಒರಟು ಮಾಡಿಕೊಂಡವರು ಅವರು. ತಕ್ಕಡಿಯಪ್ಪ ಅನ್ನುವುದು ಲಾರಿಯವರು ಇಟ್ಟ ಹೆಸರು. ಹೋದ ವರ್ಷ ನಿವೃತ್ತರಾದಾಗ ಕೆಲಸ ಕಲಿಸಿ ಕೂರಿಸಿಹೋದ ಶಿಷ್ಯೆಯೇ ಈಗ ಕಿಟಕಿಯೊಳಗಿದ್ದಳು.

"ಎರಡು ಸಾವಿರದ ಆರುನೂರು!" ಎಂದಳು ಶಿಷ್ಯೆ. "ಖಾಲಿ ಗಾಡಿ ಸಾವಿರದ ಒಂಬೈನೂರು, ಸರಕು ಏಳುನೂರು. ಒಂದು ಕೆಜಿ ಆಚೀಚೆ ಇಲ್ಲ ಗುರುಗಳೇ!"

"ಮತ್ತೆ? ಕಣ್ಣಳತೆ ಅಂದ್ಕೊಂಡ್ಯಾ? ಗಾಡಿ ಹೊರೋದು ಏಳುನೂರು, ಒಂದೊಂದು ಕುಂಡ ಹತ್ತು ಕೆಜಿ, ಎಪ್ಪತ್ತು ಕುಂಡ. ಹೇಗಿದೆ ಲೆಕ್ಕ?" ತಕ್ಕಡಿಯಪ್ಪನವರು ಬಾನೆಟ್ಟಿನ ಮೇಲೆ ಕೈಯಾಡಿಸಿದರು. "ಇನ್ನು ಹಿಂದಕ್ಕೆ ಕಟ್ಟಿದ್ರೆ ಮೂರು ಟನ್ ಎಳೆಯುತ್ತೆ, ಗೊತ್ತಾ?"

ಆ ಮೂರು ಟನ್ನಿನ ಮಾತು ಕೇಳಿ ಕೇಳಿ ಹೆಂಡತಿಯ ಕಿವಿ ತೂತು ಬಿದ್ದಿತ್ತು. ಷೋರೂಮಿನಲ್ಲಿ ಆಕೆ ಬೆರಳು ತೋರಿಸಿದ್ದು ಪಕ್ಕದ ಗಾಡಿಯನ್ನು. ಅದು ಎಳೆಯುವುದು ಇದರ ಅರ್ಧ, ಹೊರುವುದು ಪೂರಾ ಒಂದು ಟನ್. "ನಮಗೆ ಎಳೆಯೋಕೆ ಏನಿದೆ ರೀ? ಕುಂಡ ಹೊರೋದು ತಾನೇ?" ಅಂದರೆ, "ತೂಕದ ವಿಷಯ ನನಗೆ ಹೇಳಿಕೊಡ್ತೀಯಾ?" ಎಂದು ಯಜಮಾನರು ಆಕೆಯ ಬಾಯಿ ಮುಚ್ಚಿಸಿದ್ದರು. ಎಳೆಯುವ ಟ್ರೈಲರು ಇವರ ಮನೆಯಲ್ಲೂ ಇರಲಿಲ್ಲ, ನೆಂಟರ ಮನೆಯಲ್ಲೂ ಇರಲಿಲ್ಲ!

ಚೀಟಿ ಬರೆಯಲು ಗಾಡಿ ನೋಡಬೇಕೆಂದು ಶಿಷ್ಯೆ ಹೊರಗೆ ಬಂದಳು. ಬಾಗಿಲು ತೆರೆದು ಅಲ್ಲಿ ಅಂಟಿಸಿದ್ದ ಹಾಳೆ ಓದುತ್ತಿದ್ದಂತೆ ಅವಳ ಮುಖ ಸಪ್ಪಗಾಯಿತು.

"ಗುರುಗಳೇ, ಇಲ್ಲಿ ‘ಜನ ಮತ್ತು ಸಾಮಾನು ಸೇರಿ ಏಳುನೂರು’ ಅಂತಿದೆ. ನೀವಿಬ್ಬರೂ ಲೆಕ್ಕದಲ್ಲಿ ಇದ್ದೀರಾ?"

ತಕ್ಕಡಿಯಪ್ಪನವರು ಬಗ್ಗಿ ಆ ಹಾಳೆಯನ್ನು ತಾವೇ ಓದಿದರು. ಮೂವತ್ತು ವರ್ಷ ಎಲ್ಲರನ್ನೂ ಇಳಿಸಿಯೇ ತೂಗಿದ ಮನುಷ್ಯ. ಗಾಡಿಯೊಳಗೆ ಕೂತವರಿಗೂ ತೂಕ ಇರುತ್ತದೆ ಅನ್ನುವುದು ಅವರಿಗೆ ಹೊಳೆಯಬೇಕಾದರೂ ಹೇಗೆ, ಪಾಪ!

"ನೂರೈವತ್ತು ಕೆಜಿಗೆ ಏನಾಗಿಬಿಡುತ್ತೆ? ಚೀಟಿ ಬರಿ" ಎಂದರು, ದನಿ ಇಳಿಸಿ.

"ಮುಂದಿನ ಚೆಕ್‌ಪೋಸ್ಟ್‌ನಲ್ಲಿ ಕೂತವರನ್ನೂ ಸೇರಿಸಿ ತೂಗ್ತಾರೆ. ಹೆಚ್ಚಿದ್ರೆ ಗಾಡಿನೇ ಹಿಡಿದಿಟ್ಕೋತಾರೆ. ಅದೂ ಅಲ್ದೆ, ಯಾರಿಗೂ ಸುಳ್ಳು ಚೀಟಿ ಕೊಡಬೇಡ ಅಂದೋರು ನೀವೇ ಅಲ್ವಾ ಗುರುಗಳೇ?"

ಹೆಂಡತಿ ಗಡಿಯಾರ ನೋಡಿದಳು. ಆಕೆಗೆ ಅಳು ಬರುವಂತಾಗಿತ್ತು. ಹಿತ್ತಲಲ್ಲಿ ತಿಗರಿ ಹಾಕಿಕೊಂಡು ಆರು ತಿಂಗಳು ತಾನೇ ಮಣ್ಣು ತುಳಿದು, ತಿರುಗಿಸಿ, ಸುಟ್ಟು ಮಾಡಿದ ಕುಂಡಗಳು. ಜೀವಮಾನದ ಮೊದಲ ದೊಡ್ಡ ಆರ್ಡರು. ಹೋಟೆಲಿನ ಗೇಟಿನಿಂದ ಬಾಗಿಲವರೆಗೆ ಆಚೆ ಮೂವತ್ತೆರಡು, ಈಚೆ ಮೂವತ್ತೆರಡು, ಒಡೆದರೆ ಇರಲಿ ಅಂತ ಮೇಲೆ ಆರು. ಹನ್ನೊಂದು ಗಂಟೆಯೊಳಗೆ ಸಾಲು ತುಂಬದಿದ್ದರೆ ಪ್ಲಾಸ್ಟಿಕ್ ಕುಂಡ ತರಿಸುತ್ತೇವೆ ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದ. ಎರಡನೇ ಟ್ರಿಪ್ಪಿಗೆ ಹೊತ್ತಿರಲಿಲ್ಲ.

"ನೀನು ಇಲ್ಲಿರು, ನಾನು ಹೋಗಿ ಇಳಿಸಿ ಬರ್ತೀನಿ" ಎಂದರು ತಕ್ಕಡಿಯಪ್ಪನವರು.

"ನಿಮ್ಮ ತೂಕ ಎಷ್ಟು?" ಎಂದಳು ಹೆಂಡತಿ.

"ತೊಂಬತ್ತು."

"ಹಾಗಾದ್ರೆ ಒಂಬತ್ತು ಕುಂಡ ಇಳಿಸ್ಬೇಕು. ಉಳಿಯೋದು ಅರವತ್ತೊಂದು. ಸಾಲಿನಲ್ಲಿ ಮೂರು ಕಡಿಮೆ ಬೀಳುತ್ತೆ. ನಾನೊಬ್ಬಳೇ ಹೋದ್ರೆ?"

"ನೀನು ಅರವತ್ತು. ನನಗೆ ಗೊತ್ತಿಲ್ವಾ?" ಎಂದವರು ಬೆರಳಿನಲ್ಲೇ ಲೆಕ್ಕ ಮುಂದುವರಿಸಿದರು. ಅರವತ್ತಕ್ಕೆ ಆರು ಕುಂಡ. ಉಳಿಯುವುದು ಅರವತ್ತನಾಲ್ಕು, ಸಾಲಿಗೆ ಬೇಕಾದಷ್ಟೇ.

"ಇಳಿಸಿ ಮತ್ತೆ" ಎಂದು ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊಸ ಗಾಡಿ ಕಣೇ, ಹುಷಾರು... ನಾನು ಪಕ್ಕದಲ್ಲಿ ಕೂತಿದ್ರೆ ಒಂದು ಧೈರ್ಯ..."

"ಹಳೇ ವ್ಯಾನ್ ಹತ್ತು ವರ್ಷ ಓಡಿಸಿದ್ದು ಯಾರು? ಬೇಕಾದ್ರೆ ಹಿಂದಕ್ಕೆ ಹಗ್ಗ ಕಟ್ತೀನಿ. ಮೂರು ಟನ್ ಎಳೆಯುತ್ತಲ್ಲ, ನಿಮ್ಮನ್ನೂ ಎಳ್ಕೊಂಡು ಹೋಗುತ್ತೆ."

ಶಿಷ್ಯೆ ನಗು ತಡೆಯಲಾರದೆ ಒಳಗೆ ಓಡಿದಳು. ತಕ್ಕಡಿಯಪ್ಪನವರು ಆರು ಕುಂಡ ಒಂದೊಂದಾಗಿ ಇಳಿಸಿ ಗೋಡೆ ಪಕ್ಕ ಜೋಡಿಸಿದರು. ಸೊಂಟ ಹಿಡಿದುಕೊಂಡಿತು. ಅವಮಾನಕ್ಕಿಂತ ಹೆಚ್ಚಾಗಿ, ತನ್ನನ್ನು ಬಿಟ್ಟು ಆ ಗಾಡಿ ಹೊರಡುತ್ತದಲ್ಲ ಅನ್ನುವುದೇ ಅವರಿಗೆ ಚುರುಕ್ ಎನ್ನಿಸಿತು. ಹೆಂಡತಿ ಸ್ಟೇರಿಂಗ್ ಹಿಡಿದು ಕೂತಳು.

"ಈ ಸಲ ಡ್ರೈವರ್ ಇಳೀಬಾರದು!" ಎಂದು ಕಿಟಕಿಯಿಂದ ಕೂಗಿದ ಶಿಷ್ಯೆ ಅಂಕಿ ನೋಡಿ ಹುಬ್ಬು ಗಂಟಿಕ್ಕಿದಳು. "ಎರಡು ಸಾವಿರದ ಐನೂರ ತೊಂಬತ್ತು. ಹತ್ತು ಕೆಜಿ ಕಡಿಮೆ ಬರ್ತಿದೆ ಗುರುಗಳೇ."

"ಬರೋಕೆ ಸಾಧ್ಯಾನೇ ಇಲ್ಲ." ಅವರು ಕುಂಡಗಳನ್ನು ಎರಡು ಸಲ ಎಣಿಸಿದರು. ಅರವತ್ತನಾಲ್ಕೇ. "ನಾನು ಹೋಗಿ ವರ್ಷ ಆಗಿಲ್ಲ, ಆಗಲೇ ಮಿಷನ್ ಕೆಡಿಸಿಟ್ಟಿದ್ದೀಯಲ್ಲೇ ತಾಯಿ!"

ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿದಳು. ಬೆಳಗಿನ ಬಿಸಿಲಿನಲ್ಲಿ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

"ಮಿಷನ್ ಸರಿಯಾಗೇ ಇದೆ ರೀ. ನಾನು ಹತ್ತು ಕೆಜಿ ಇಳಿದು ಮೂರು ತಿಂಗಳಾಯ್ತು. ಹಾಗೆ ನೋಡ್ತಾ ನಿಲ್ಬೇಡಿ, ಇನ್ನೊಂದು ಕುಂಡ ಎತ್ತಿಡಿ."