ನೇರ ನೋಡುವ ಡಬ್ಬಿ

ಮುನಿಶಾಮಿ ಕೈಚೀಲದಿಂದ ಎರಡು ಸಾಮಾನು ತೆಗೆದು ಮೇಜಿನ ಮೇಲಿಟ್ಟ. ಒಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಚೌಕದ ಗಾಜು. ಇನ್ನೊಂದು, ಹಿಂದೆ ಕಣ್ಣಿಡಲು ಕಿಂಡಿಯಿದ್ದ ಕರಿ ಡಬ್ಬಿ. ಕತ್ತಿಗೆ ಪಟ್ಟಿ ಕಟ್ಟಿಕೊಂಡಿದ್ದ ಕದಿರೇಶ, ಮೇಜಿನ ಮೇಲೇನಿದೆ ಎಂದು ನೋಡುವುದಕ್ಕೂ ಹಿಂದಕ್ಕೆ ಸರಿದು ನಿಲ್ಲಬೇಕಾಯಿತು.

"ಎರಡರಲ್ಲಿ ಒಂದು ಅಣ್ಣ. ನಿನ್ನ ಹಳೇ ಲೆನ್ಸಿಗೆ ಬದ್ಲು ಒಂದೇ ಕೊಡೋದು ಅಂದ ಬೆಂಗ್ಳೂರಿನ ಸೇಟು. ಇನ್ನೊಂದು ಮಾಲೂರು ಸ್ಟುಡಿಯೋದವನಿಗೆ. ಸಾಯಂಕಾಲದ ಬಸ್ಸಿಗೆ ತಗೊಂಡು ಹೋಗ್ತೀನಿ, ಅಷ್ಟರಲ್ಲಿ ನೋಡು," ಎಂದ ಮುನಿಶಾಮಿ. ಅವನು ಕೋಲಾರದಲ್ಲಿ ಕ್ಯಾಮೆರಾ ರಿಪೇರಿ ಮಾಡುವವನು.

ಶ್ರೀನಿವಾಸಪುರದ ಕದಿರೇಶನ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಒಂದರ ಮೇಲೊಂದು ಎರಡು ಕಣ್ಣಿನದು, ದೊಡ್ಡ ರೋಲು ಹಾಕುವಂಥದ್ದು. ಎದೆಮಟ್ಟಕ್ಕೆ ನಿಲ್ಲಿಸಿ, ಮೇಲಿನ ಮುಚ್ಚಳ ಬಿಚ್ಚಿ, ಬಾವಿಗೆ ಬಗ್ಗಿದ ಹಾಗೆ ಬಗ್ಗಿದರೆ ಒಳಗಿನ ಗಾಜಿನಲ್ಲಿ ಎದುರಿನವರು ಕಾಣುತ್ತಿದ್ದರು. ಮದುವೆಯಾದ ವರ್ಷ ಹಾಗೆ ಬಗ್ಗಿದವನು ಮೊಮ್ಮಗಳು ಸ್ಕೂಲಿಗೆ ಹೋಗುವ ಕಾಲಕ್ಕೂ ಬಗ್ಗಿಯೇ ಇದ್ದ. ಗಾಜು ಮಬ್ಬಾಗಿತ್ತು, ಕಣ್ಣೂ ಮಬ್ಬಾಗಿತ್ತು. ಕತ್ತಿನ ಮೂಳೆ ಸವೆದಿದೆ, ಇನ್ನೂ ಬಗ್ಗಿದರೆ ಕೈಯಲ್ಲಿ ಬಲ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಉಪ್ಪಿನ ಗಂಟು ಕಾಯಿಸಿ ಒತ್ತಿ ಒತ್ತಿ ಹೆಂಡತಿ ಭಾರತಮ್ಮನಿಗೂ ಸಾಕಾಗಿತ್ತು.

ಮುನಿಶಾಮಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೊಸ ಗಾಜು ಹಾಕಿದರೆ ಮೂಲೆ ಮೂಲೆಯೂ ಬೆಳ್ಳಗೆ ಕಾಣುತ್ತದೆ, ಆದರೆ ಬಗ್ಗುವುದು ತಪ್ಪುವುದಿಲ್ಲ. ಡಬ್ಬಿ ಕೂರಿಸಿದರೆ ಕತ್ತು ನೆಟ್ಟಗಿಟ್ಟುಕೊಂಡು ನೇರವಾಗಿ ನೋಡಬಹುದು. ಕೆಳಗೆ ಹಳೇ ಗಾಜೇ ಇರುವುದರಿಂದ ಸ್ವಲ್ಪ ಕತ್ತಲೆ, ಅಷ್ಟೆ.

"ಡಬ್ಬೀನೇ ಹಾಕು. ಬೆಳಕು ಮಾಲೂರಿನವನಿಗಿರ್ಲಿ, ನಂಗೆ ಕತ್ತು ಬೇಕು," ಎಂದ ಕದಿರೇಶ.

ಡಬ್ಬಿ ಕೂತ ಹೊತ್ತಿಗೆ ಯಲ್ದೂರಿನ ದೊಡ್ಡಮುನಿಯಮ್ಮ ಸೊಸೆಯನ್ನು ಕರೆದುಕೊಂಡು ಬಂದಳು. ಸೊಸೆ ಶ್ಯಾಮಲಮ್ಮನಿಗೆ ಏಳು ತಿಂಗಳು. ಬಳೆ ತೊಡಿಸಿ, ಮೊಗ್ಗಿನ ಜಡೆ ಹಾಕಿ, ತವರಿಗೆ ಕಳಿಸುವ ಮೊದಲು ಫೋಟೋ. ದೊಡ್ಡಮುನಿಯಮ್ಮನ ಮಗಳು ಹೆರಿಗೆಗೆ ಬಂದವಳು ಉಳಿದಿರಲಿಲ್ಲ. ಹೀಗೇ ಜಡೆ ಹಾಕಿಸಿಕೊಂಡಿದ್ದಾಗ ಕದಿರೇಶ ತೆಗೆದಿದ್ದ ಒಂದು ಫೋಟೋದಲ್ಲಿ ಮಾತ್ರ ಅವಳ ಮುಖ ಆ ಮನೆಯಲ್ಲಿತ್ತು. ಅಲ್ಲಿಂದಾಚೆಗೆ, ಮುಖ ಸರಿಯಾಗಿ ಕಾಣುವ ಫೋಟೋ ಒಂದಾಗದೆ ಆ ಮನೆಯಿಂದ ಯಾರನ್ನೂ ಹೆರಿಗೆಗೆ ಕಳಿಸಿದ್ದಿಲ್ಲ. ತವರಿನ ಕಡೆಯವರು ಆಗಲೇ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು.

ಜಡೆ ಕಾಣುವ ಹಾಗೆ ಹಿಂದೆ ಓರೆಯಾಗಿ ಕನ್ನಡಿ ಇಟ್ಟು, ದೀಪ ಹಾಕಿ, ಕದಿರೇಶ ಡಬ್ಬಿಗೆ ಕಣ್ಣಿಟ್ಟ. ಶ್ಯಾಮಲಮ್ಮನ ತಲೆ ಕೆಳಗಾಯಿತು. ಎತ್ತಮ್ಮ ಎಂದರೆ ಎತ್ತುವಳು, ಅವನು ಕಣ್ಣಿಟ್ಟ ಕೂಡಲೇ ಮತ್ತೆ ಬಗ್ಗಿಸುವಳು. ಕತ್ತಲೆಯ ಕಿಂಡಿಯಲ್ಲಿ ಅವನಿಗೆ ಕಂಡದ್ದು ಬೈತಲೆಯೊಂದೇ. ಅತ್ತೆ ಗಲ್ಲ ಹಿಡಿದು ನಿಲ್ಲಿಸಿದಳು, ಕೈ ಬಿಟ್ಟ ಮೇಲೆ ಮತ್ತದೇ. ದೀಪದ ಬಿಸಿಗೆ ಮೊಗ್ಗು ಬಾಡುತ್ತಾ ಬಂತು. ಏನಮ್ಮ ನಿಂದು, ನೆಲದ ಫೋಟೋ ತೆಗೀಲಾ, ಎಂದು ಕದಿರೇಶ ಗದರಿದ.

"ಬೈಬೇಡ ನಾಯ್ನಾ," ಎಂದಳು ದೊಡ್ಡಮುನಿಯಮ್ಮ. "ನೀನು ಹಿಂಗೆ ಕೋವಿ ಹಿಡಿದಂಗೆ ನೆಟ್ಟಗೆ ನೋಡಿದ್ರೆ ಅದು ಹೆಂಗೆ ತಲೆ ಎತ್ತೀತು? ಆವಾಗಿಂದ ನಂಗೇ ಒಂಥರಾ ಆಗ್ತಾ ಐತೆ. ಚಿಂತಾಮಣೀಲಿ ಅಷ್ಟು ಸ್ಟುಡಿಯೋ ಅವೆ, ನಮ್ಮ ಹೆಣ್ಮಕ್ಕಳು ನಿನ್ ತಾವ್ಕೇ ಯಾಕೆ ಬರ್ತಾರೆ ಅಂದ್ಕೊಂಡಿದ್ದೀಯ?"

"ಚೆನ್ನಾಗಿ ತೆಗೀತೀನಿ ಅಂತ."

"ತಲೆ ಬಗ್ಗಿಸ್ಕೊಂಡು ತೆಗೀತೀಯ ಅಂತ."

ಮುನಿಶಾಮಿ ನಗು ಬಂದು ಸ್ಕ್ರೂಡ್ರೈವರ್ ಹುಡುಕುವವನ ಹಾಗೆ ಚೀಲದೊಳಗೆ ಮುಖವಿಟ್ಟ. ಕದಿರೇಶ ಗೋಡೆಯ ಮೇಲಿನ ಫೋಟೋಗಳ ಕಡೆ ಪೂರ್ತಿ ಮೈ ತಿರುಗಿಸಿದ. ಮದುವೆ ಹೆಣ್ಣುಗಳು, ಬಸುರಿಯರು, ಮಗು ಎತ್ತಿಕೊಂಡವರು. ಎಲ್ಲರ ನೋಟವೂ ಲೆನ್ಸಿಗಿಂತ ಒಂದು ಗೇಣು ಮೇಲಕ್ಕಿತ್ತು. ಏನೋ ದೂರದ್ದನ್ನು ನೋಡುವ ಹಾಗಿದೆ, ಅದೇ ನಿನ್ನ ಕೈಗುಣ ಎಂದು ಬಂದವರು ಹೊಗಳಿದಾಗಲೆಲ್ಲ ಅವನು ಸುಮ್ಮನೆ ನಕ್ಕಿದ್ದ. ದೂರದ್ದು ಏನೂ ಇರಲಿಲ್ಲ. ಅವರೆಲ್ಲ ನೋಡಿದ್ದು ಅವನ ನೆತ್ತಿಯನ್ನು.

"ಡಬ್ಬಿ ಬಿಚ್ಚೋ," ಎಂದ.

"ಅಣ್ಣ, ಕತ್ತು?"

"ಬಿಚ್ಚು ಅಂದ್ನಲ್ಲ."

ಡಬ್ಬಿ ಬಿಚ್ಚಿ, ಹಳೇ ಗಾಜು ತೆಗೆದು ಹೊಸದನ್ನು ಕೂರಿಸಲು ಮುನಿಶಾಮಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಕದಿರೇಶ ಕತ್ತಿನ ಪಟ್ಟಿ ಬಿಚ್ಚಿ ಕುರ್ಚಿಯ ಬೆನ್ನಿಗೆ ನೇತುಹಾಕಿದ. ಬಗ್ಗಿದ. ನೋವು ಭುಜದಿಂದ ಇಳಿದು ಕಿರುಬೆರಳಿಗೆ ಹೋಯಿತು. ಗಾಜು ಮಾತ್ರ ಆಗತಾನೆ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಕನ್ನಡಿಯಲ್ಲಿ ಜಡೆ, ಒಂದೊಂದು ಮೊಗ್ಗೂ ಬೇರೆ ಬೇರೆ. ಹಸಿರು ಬಳೆ. ಆಮೇಲೆ, ಯಾರೂ ಹೇಳದೆಯೇ, ಬೈತಲೆ ಹಿಂದಕ್ಕೆ ಸರಿದು ಹಣೆ ಬಂತು, ಕಣ್ಣು ಬಂತು, ತಡೆದುಕೊಂಡ ನಗುವಿನ ತುಟಿ ಬಂತು. ಇಷ್ಟು ವರ್ಷದಲ್ಲಿ ಎದುರಿಗಿರುವವರ ಕಣ್ಣು ಎಲ್ಲಿ ನೆಟ್ಟಿದೆ ಎಂದು ಅವನಿಗೆ ಸರಿಯಾಗಿ ಕಂಡದ್ದು ಅದೇ ಮೊದಲು.

ಮುನಿಶಾಮಿ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತುತ್ತಾ, ಮಾಲೂರಿನವನಿಗೆ ಏನಾದರೂ ಹೇಳಬೇಕಾ ಎಂದು ಮೆಲ್ಲಗೆ ಕೇಳಿದ.

"ಗಂಡಸರಿಗೆ ಮಾತ್ರ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಹೇಳು," ಎಂದ ಕದಿರೇಶ ಬಗ್ಗಿದಲ್ಲಿಂದಲೇ, ಗುಂಡಿ ಒತ್ತಿದ.

"ಆಯ್ತಮ್ಮ."

ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ಅವನು ನಿಧಾನವಾಗಿ ತಲೆ ಎತ್ತಿದ. ಅಷ್ಟರಲ್ಲಿ ಶ್ಯಾಮಲಮ್ಮನ ತಲೆ ಬಗ್ಗಿತ್ತು.