ನೋದ್ ಎಂಬ ಊರು

ಏಲಕ್ಕಿ ಹಾಕಿ ಕಲಸಿದ ಸಿಹಿ ಅವಲಕ್ಕಿಯ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಆ ಮಧ್ಯಾಹ್ನ ಕೋಪರಿಯ ಚಾಳಿನಲ್ಲಿದ್ದ ನಮ್ಮ ಒಂದೇ ಕೋಣೆಯ ಖೋಲಿ ಖಾಲಿಯಾಗುತ್ತಿತ್ತು. ಅಪ್ಪ ಮತ್ತೆ ಕೆಲಸದ ಹೋಟೆಲ್ ಬದಲಿಸಿದ್ದರು. ಈ ಸಲ ಹೋಗಬೇಕಾದ ಊರು ಅಂಬರನಾಥ. ಸಾಮಾನೆಲ್ಲ ಟೆಂಪೋ ಏರಿದ್ದರೂ ಅಮ್ಮ ಪಾತ್ರೆಯ ಗಂಟಿನ ಮೇಲೆ ಕೂತವಳು ಏಳಲೇ ಇಲ್ಲ.

"ಇವತ್ತು ಇಲ್ಲಿ, ನಾಳೆ ಅಲ್ಲಿ. ಇನ್ನು ನನ್ನಿಂದ ಆಗುದಿಲ್ಲ ಮಾರಾಯ್ರೆ" ಎಂದು ಅಪ್ಪನಿಗೆ ಹೇಳಿದಳು.

ಬೀಳ್ಕೊಡಲು ಅವಲಕ್ಕಿಯ ತಟ್ಟೆ ಹಿಡಿದು ಬಂದ ಪಕ್ಕದ ಮನೆಯ ಯಹೂದಿ ಅಜ್ಜಿ ಅವಳ ಬಳಿ ಕೂತರು. ತಮ್ಮ ಧರ್ಮಗ್ರಂಥದಲ್ಲಿ ನೋದ್ ಎಂಬ ಊರಿದೆ ಎಂದು ಮರಾಠಿಯಲ್ಲಿ ಹೇಳಿದರು. ನಾನದನ್ನು 'ನೋಡು' ಎಂದು ಕೇಳಿಸಿಕೊಂಡು ಕಿಟಕಿಯಾಚೆ ಇಣುಕಿದೆ.

ಅಜ್ಜಿ ನಕ್ಕು ನನ್ನ ತಲೆ ಸವರಿದರು. "ನೋದ್ ಅಂದರೆ ಅಲೆದಾಟ, ಬಾಳಾ. ತಮ್ಮನನ್ನು ಕೊಂದ ಕಾಯಿನನಿಗೆ ದೇವರು ಅಲೆಯುತ್ತಲೇ ಇರು ಎಂದು ಶಾಪ ಕೊಟ್ಟ. ಅವನು ಹೋಗಿ ಆ ಊರಲ್ಲೇ ಮನೆ ಮಾಡಿದ."

"ಅಲೆದಾಟದಲ್ಲಿ ಮನೆಯಾ?" ಅಮ್ಮ ತಲೆಯೆತ್ತಿದಳು. "ಅವನ ಹೆಂಡತಿ ಏನಂದಳು?"

ಅಜ್ಜಿ ಅವಲಕ್ಕಿಯ ತಟ್ಟೆ ಅವಳ ಮುಂದೆ ಸರಿಸಿದರು. "ಅಗಂ ಮಗಳೇ, ಅದನ್ನು ಬರೆದಿಲ್ಲ."

ಅಮ್ಮ ಎದ್ದಳು. ಹೊರಟಳೆಂದು ಅಪ್ಪ ಗಂಟಿಗೆ ಕೈ ಹಾಕಿದರು. ಅವಳು ಆ ಕೈ ಸರಿಸಿ, ಗಂಟು ಬಿಚ್ಚಿ, ಸ್ಟವ್ ತೆಗೆದು ಚಹಾಕ್ಕೆ ನೀರಿಟ್ಟಳು.

ಸಾಮಾನು ಇಳಿಸಿ, ಟೆಂಪೋ ವಾಪಸ್ ಕಳಿಸಿ ಅಪ್ಪ ಮೇಲೆ ಬರುವಷ್ಟರಲ್ಲಿ ಅವರ ಚಹಾ ಆರಿತ್ತು. ಅಮ್ಮ ಅದನ್ನು ಮತ್ತೆ ಬಿಸಿ ಮಾಡಿಕೊಟ್ಟಳು.