ಅಜ್ಜಿಯ ಪದ್ಯ ತೆಗೆದು ನೋಡುವ ಪರೀಕ್ಷೆ

“ಈ ಹುಡುಗರ ಧೈರ್ಯ ಎಲ್ಲೆಲ್ಲಿ ಅಡಗಿರುತ್ತದಪ್ಪಾ?” ಪರದೆ ನೋಡುತ್ತಾ ಸುಬೇದಾರ್ ಮಹಾದೇವಿ ತಮ್ಮಷ್ಟಕ್ಕೆ ಕೇಳಿಕೊಂಡರು.

ಸೇನಾ ಭರ್ತಿ ಶಿಬಿರದಲ್ಲಿ ಅಂದು ಪರೀಕ್ಷೆಗೆ ಕೂತವರಲ್ಲಿ ತಿಪ್ಪೇಶ ಹದಿನಾಲ್ಕನೆಯವನು. ತಲೆಗೆ ಹಾಕಿದ ಯಂತ್ರದ ಟೋಪಿಯೊಳಗೆ ಅರ್ಧ ಗಂಟೆ ನಕಲಿ ಯುದ್ಧ ಕಂಡು ಬಂದಿದ್ದ. ನಾಡಿ ಒಮ್ಮೆಯೂ ಏರಿರಲಿಲ್ಲ.

“ಗುಂಡು ಹಾರುವಾಗ ಮನಸ್ಸಲ್ಲಿ ಏನಿತ್ತು?”

“ನಮ್ಮಜ್ಜಿ ಹಾಡ್ತಿದ್ದ ಪದ್ಯ, ಮೇಡಂ. ಅವ್ರಿಗೆ ಓದೋಕೆ ಬರ್ತಿರಲಿಲ್ಲ. ಶ್ರಾವಣದಲ್ಲಿ ಗುಡಿ ಕಂಬಕ್ಕೊರಗಿ ಪುರಾಣ ಓದೋದನ್ನ ಕೇಳಿ ಕೇಳಿ ಕಲಿತಿದ್ರು.”

“ಹಾಗಾದ್ರೆ ಆ ನೆನಪನ್ನ ನಿನ್ನ ತಲೆಯಿಂದ ತೆಗೆದು ಇನ್ನೊಂದ್ಸಲ ನೋಡಬೇಕು. ಆಸರೆ ಇಲ್ಲದೆ ನಿಲ್ತೀಯಾ ಅಂತ. ಸಂಜೆಗೆ ವಾಪಸ್ ಹಾಕ್ತೀವಿ.”

“ಪೂರ್ತಿ ಬರುತ್ತಾ?”

ಮಹಾದೇವಿ ಸುಳ್ಳು ಹೇಳಲಿಲ್ಲ. “ಪದ್ಯದ ಮಾತು ಬರುತ್ತೆ. ನೂರರಲ್ಲಿ ಒಬ್ಬರಿಗೆ ಹಾಡಿದವರ ದನಿ ವಾಪಸ್ ಬರಲ್ಲ.”

ಅಜ್ಜಿ ಹೋಗಿ ಮೂರು ವರ್ಷವಾಗಿತ್ತು. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ವಯಸ್ಸಿನ ಮಿತಿ ನೋಡಿದರೆ ತಿಪ್ಪೇಶನಿಗೆ ಇದೇ ಕೊನೆಯ ಭರ್ತಿ.

“ನಮ್ಮಣ್ಣ ಈ ಪರೀಕ್ಷೆ ಬರೋ ಮುಂಚೆ ಸೇರಿದವನು,” ಅಂದರು ಮಹಾದೇವಿ. “ಈಗಲೂ ಪಟಾಕಿ ಸದ್ದಾದ್ರೆ ಮಂಚದ ಕೆಳಗೆ ಹೋಗ್ತಾನೆ. ಪರೀಕ್ಷೆ ಬಂದ ಮೇಲೆ ಒಬ್ಬನಿಗೂ ಹಾಗೆ ಆಗಿಲ್ಲ. ನಿನ್ನ ಒಳ್ಳೇದಕ್ಕೇ ಕೇಳ್ತಿದೀನಿ, ಈ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಪ್ಪ.”

ತಿಪ್ಪೇಶ ಪೆನ್ನು ತೆಗೆದುಕೊಂಡು ಕಣ್ಣು ಮುಚ್ಚಿದ. ತುಟಿ ಮೆಲ್ಲಗೆ ಆಡತೊಡಗಿತು. ಪದ್ಯ ಮುಗಿಯುವವರೆಗೂ ಮಹಾದೇವಿ ಕಾದರು.

ಆಮೇಲೆ ಅವನು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

“ನಿಮ್ಮಣ್ಣಾವ್ರಿಗೆ ಬೇಕಾದ್ರೆ ಮನೆಗೆ ಬಂದು ಹಾಡ್ತೀನಿ, ಮೇಡಂ. ತೆಗೆಯೋಕೆ ಮಾತ್ರ ಕೊಡಲ್ಲ.”